ಅಗ್ನಿಶಾಮಕ ಸಿಬ್ಬಂದಿಯ ದೇಹ, ಮನಸ್ಸಿನ ಆರೈಕೆ: ಠಾಣೆಯಲ್ಲೇ ನಡೆಸಬಹುದಾದ ಸಮಗ್ರ ಮಾರ್ಗದರ್ಶಿ

ವರ್ಷಕ್ಕೊಮ್ಮೆ ಹೆಲ್ತ್ ಕ್ಯಾಂಪ್ ಆಗುತ್ತದೆ. ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ರಿಪೋರ್ಟು ಕಡತ ಸೇರುತ್ತದೆ. ಇನ್ನೊಂದು ದಿನ ಯಾರೋ ಬಂದು ಒತ್ತಡ ನಿಭಾಯಿಸುವ ಬಗ್ಗೆ ಒಂದು ಗಂಟೆ ಮಾತಾಡಿ ಹೋಗುತ್ತಾರೆ. ಮೂರು ತಿಂಗಳು ಬಿಟ್ಟು ನೋಡಿದರೆ ಠಾಣೆಯಲ್ಲಿ ಏನೂ ಬದಲಾಗಿರುವುದಿಲ್ಲ. ಮಸಿ ಹಿಡಿದ ಫೈರ್ ಸೂಟು ಮಲಗುವ ಕೋಣೆಯ ಗೂಟದಲ್ಲೇ ನೇತಾಡುತ್ತಿರುತ್ತದೆ. ಬಿಪಿ ಜಾಸ್ತಿ ಅಂತ ಬಂದವರು ಮಾತ್ರೆ ಶುರು ಮಾಡಿರುವುದಿಲ್ಲ.

ಹೀಗಾಗುವುದಕ್ಕೆ ಕಾಳಜಿ ಇಲ್ಲದಿರುವುದು ಕಾರಣವಲ್ಲ. ಕೆಲಸ ಶುರು ಮಾಡುವ ಜಾಗ ತಪ್ಪಿರುತ್ತದೆ, ಅಷ್ಟೇ. ಬೆಂಕಿ ಕೆಲಸದವರ ಆರೋಗ್ಯ ಕೆಡುವುದು ಕರೆಯ ಸ್ಥಳದಲ್ಲಿ ಮತ್ತು ಕರೆ ಮುಗಿದ ಮೊದಲ ಕೆಲವು ಗಂಟೆಗಳಲ್ಲಿ. ಆದ್ದರಿಂದ ಆರೈಕೆಯೂ ಅಲ್ಲಿಂದಲೇ ಶುರುವಾಗಬೇಕು, ಡ್ರಿಲ್‌ನಷ್ಟೇ ಮಾಮೂಲಿಯಾಗಬೇಕು. ಕರ್ನಾಟಕದ ಒಂದು ಸಾಧಾರಣ ತಾಲ್ಲೂಕು ಠಾಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಓದಬೇಕಾದವರು ಠಾಣಾಧಿಕಾರಿಗಳು, ಸಹಾಯಕ ಠಾಣಾಧಿಕಾರಿಗಳು, ಪ್ರಮುಖ ಅಗ್ನಿಶಾಮಕರು. ಮನೆಯವರೂ ಓದಿದರೆ ಒಳ್ಳೆಯದು.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರ ಒಂದು. ಮಣಿಕಟ್ಟಿಗೆ ಕಟ್ಟುವಂಥದ್ದು ಬೇಡ, ಅದರ ಅಂಕಿ ಸುಲಭವಾಗಿ ಏರುಪೇರಾಗುತ್ತದೆ. ಜೊತೆಗೆ ಗ್ಲುಕೋಮೀಟರ್, ತೂಕದ ಯಂತ್ರ, ಅಳತೆ ಟೇಪು.

ವಾಹನದಲ್ಲಿ ಯಾವಾಗಲೂ ಇರಬೇಕಾದ್ದು: 20 ಲೀಟರಿನ ಕುಡಿಯುವ ನೀರಿನ ಕ್ಯಾನು ಎರಡು, ಒಆರ್‌ಎಸ್ ಪೊಟ್ಟಣಗಳು, ಲೋಟಗಳು, ಅಗಲ ಬಾಯಿಯ ಬಕೆಟ್ಟು ಎರಡು, ನೆರಳಿಗೆ ಒಂದು ಟಾರ್ಪಾಲು. ತೊಳೆಯುವುದಕ್ಕೆ ಮೆತ್ತನೆಯ ಬ್ರಷ್ಷು, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ದಪ್ಪ ಪ್ಲಾಸ್ಟಿಕ್ ಚೀಲಗಳು, ಒದ್ದೆ ವೈಪ್ಸ್ ಅಥವಾ ಹಳೇ ಟವೆಲ್ಲು, ಎಲ್ಲರಿಗೂ ಒಂದೊಂದು ಜೊತೆ ಬದಲಿ ಟೀ ಶರ್ಟು, ಪ್ಯಾಂಟು. ಶವ ಎತ್ತುವ ಕರೆಗಳಿಗೆ ನೈಟ್ರೈಲ್ ಕೈಗವಸು ಮತ್ತು ಮಾಸ್ಕು.

ಇದೆಲ್ಲ ಒಂದೇ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಿಡಿಯುತ್ತದೆ, ಕ್ಯಾನು ಬಕೆಟ್ಟು ಬಿಟ್ಟು. ಕ್ರೇಟು ಸ್ಟೋರ್ ರೂಮಿನಲ್ಲಿದ್ದರೆ ಕರೆಗೆ ಹೋಗುವ ಗಡಿಬಿಡಿಯಲ್ಲಿ ಅಲ್ಲೇ ಉಳಿಯುತ್ತದೆ. ವಾಹನದಲ್ಲೇ ಅದಕ್ಕೊಂದು ಜಾಗ ಮಾಡಿ. ದಿನಾ ಬೆಳಿಗ್ಗೆ ವಾಹನ ತಪಾಸಣೆ ಮಾಡುವಾಗ ಅದನ್ನೂ ನೋಡಿ.

ಹಂತ 1: ಪಾಳಿಗೊಬ್ಬರನ್ನು ಗೊತ್ತು ಮಾಡಿ

ಪ್ರತಿ ಪಾಳಿಯಲ್ಲೂ ಒಬ್ಬರಿಗೆ ಈ ಕೆಲಸ ವಹಿಸಿ. ಠಾಣಾಧಿಕಾರಿ ತಾವೇ ಇದನ್ನು ಹೊತ್ತುಕೊಳ್ಳಬಾರದು. ರಜೆ ಮಂಜೂರು ಮಾಡುವವರ ಹತ್ತಿರ ಹೋಗಿ "ಸಾರ್, ರಾತ್ರಿ ನಿದ್ದೆ ಬರ್ತಿಲ್ಲ" ಅಂತ ಯಾರು ಹೇಳುತ್ತಾರೆ? ಹುಡುಗರು ಅಣ್ಣಾ ಅಂತ ಕರೆದು ಮನಸ್ಸು ಬಿಚ್ಚಿ ಮಾತಾಡುವ ಹಿರಿಯ ಅಗ್ನಿಶಾಮಕರೊಬ್ಬರು ಎಲ್ಲ ಠಾಣೆಯಲ್ಲೂ ಇರುತ್ತಾರೆ. ಅವರೇ ಸರಿ.

ಎರಡು ಬೇರೆ ಬೇರೆ ದಾಖಲೆ ಇಡಿ. ಠಾಣೆಯ ಪುಸ್ತಕದಲ್ಲಿ ಪ್ರತಿ ದೊಡ್ಡ ಕರೆಗೂ ನಾಲ್ಕೇ ವಿಷಯ: ನೀರು ಕುಡಿದರಾ, ವಿಶ್ರಾಂತಿ ಸಿಕ್ಕಿತಾ, ಸೂಟು ತೊಳೆದಿರಾ, ಸ್ನಾನ ಆಯಿತಾ. ಬಿಪಿ, ಶುಗರ್ ಅಂಕಿಗಳು ಮಾತ್ರ ಆಯಾ ವ್ಯಕ್ತಿಯ ಸ್ವಂತ ಕಿರುಪುಸ್ತಕದಲ್ಲಿ, ಅವರವರ ಪೆಟ್ಟಿಗೆಯಲ್ಲಿ.

ಇಲ್ಲಿ ಆಗುವ ದೊಡ್ಡ ತಪ್ಪು, ಎಲ್ಲರ ಬಿಪಿಯನ್ನು ಪಟ್ಟಿ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುವುದು. ಒಮ್ಮೆ ಹಾಗಾದರೆ ಮುಂದಿನ ಸಲ ಅರ್ಧ ಜನ ಅಳತೆಗೇ ಬರುವುದಿಲ್ಲ.

ಹಂತ 2: ಮೊದಲ ಅಳತೆ

ಕವಾಯತು ಮುಗಿಸಿ ಬಂದವರನ್ನು ಸಾಲಾಗಿ ನಿಲ್ಲಿಸಿ ಬಿಪಿ ನೋಡಿದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಗುಟ್ಕಾ ಇರಬಾರದು. ಐದು ನಿಮಿಷ ಸುಮ್ನೆ ಕುರ್ಚಿಗೆ ಒರಗಿ ಕೂರಬೇಕು. ಕಾಲು ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಒಂದೆರಡು ನಿಮಿಷ ಬಿಟ್ಟು ಎರಡು ಸಲ ನೋಡಿ.

ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರ ಹತ್ತಿರ ಹೋಗಲೇಬೇಕು. 180/110 ದಾಟಿದರೆ ಅವತ್ತೇ ಹೋಗಬೇಕು, ವೈದ್ಯರು ಸರಿ ಅನ್ನುವವರೆಗೆ ಬಿ.ಎ. ಸೆಟ್ (ಬೆನ್ನಿಗೆ ಕಟ್ಟುವ, ಗಾಳಿಯ ಸಿಲಿಂಡರ್ ಇರುವ ಉಸಿರಾಟದ ಸಾಧನ) ಹಾಕುವ ಕೆಲಸ ಬೇಡ. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದ್ದು 80 ದಾಟಿದರೆ ತೂಕ ಎಷ್ಟೇ ಇರಲಿ, ಎಚ್ಚರ ಬೇಕು.

ಹೃದಯದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ 1994ರಿಂದ 2004ರವರೆಗೆ ಕರ್ತವ್ಯದಲ್ಲಿದ್ದಾಗ ಹೃದಯಾಘಾತದಿಂದ ಸತ್ತ ಅಗ್ನಿಶಾಮಕರ ಲೆಕ್ಕ ತೆಗೆದರು. ಸುಮಾರು ಶೇ 32ರಷ್ಟು ಸಾವು ಬೆಂಕಿ ನಂದಿಸುವಾಗಲೇ ಆಗಿದ್ದವು. ಅವರ ಕೆಲಸದ ಸಮಯದಲ್ಲಿ ಬೆಂಕಿ ನಂದಿಸುವುದಕ್ಕೆ ಹೋಗುವುದು ಶೇ 1ರಿಂದ 5 ಮಾತ್ರ. ಗಾಢ ನಿದ್ದೆಯಲ್ಲಿದ್ದವರು ಬೆಲ್ಲಿನ ಸದ್ದಿಗೆ ಎದ್ದು ಓಡುತ್ತಾರೆ. ಭಾರದ ಸೂಟಿನೊಳಗೆ ಮೈ ಕುದಿಯುತ್ತದೆ. ಬೆವರು ಹರಿದು ರಕ್ತ ಗಟ್ಟಿಯಾಗುತ್ತದೆ. ಮೇಲೆ ಹೊಗೆಯ ಕಾರ್ಬನ್ ಮಾನಾಕ್ಸೈಡ್. ಒಳಗೆ ಮೊದಲೇ ತೊಂದರೆ ಇರುವ ಹೃದಯ ಇದನ್ನು ತಡೆಯುವುದು ಕಷ್ಟ.

ಹಾಗಾಗಿ 40 ದಾಟಿದವರು ಮತ್ತು ಬಿಪಿ, ಶುಗರ್ ಇರುವವರು ವೈದ್ಯರನ್ನು ಕೇಳಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಲಿ. ವರದಿಯಲ್ಲಿ 'ಮೆಟ್ಸ್' ಅಂತ ಒಂದು ಅಂಕಿ ಇರುತ್ತದೆ, ದೇಹ ಎಷ್ಟು ಜೋರು ಶ್ರಮ ತಡೆಯುತ್ತದೆ ಅನ್ನುವುದರ ಅಳತೆ ಅದು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ಮಾನದಂಡ ಬಹಳ ಕಾಲ ಅಗ್ನಿಶಾಮಕರಿಗೆ 12 ಮೆಟ್ಸ್ ಸಾಮರ್ಥ್ಯವನ್ನು ಗುರಿಯಾಗಿ ಇಟ್ಟಿತ್ತು. ನಿಮ್ಮ ಅಂಕಿ ಎಲ್ಲಿದೆ ಅಂತ ಗೊತ್ತಿರಲಿ. ಶ್ವಾಸಕೋಶದ ಸ್ಪೈರೋಮೆಟ್ರಿ, ಕಿವಿಯ ಪರೀಕ್ಷೆ ಕೂಡ ವರ್ಷಕ್ಕೊಮ್ಮೆ ಆಗಬೇಕು. ಟೆಟನಸ್ ಮತ್ತು ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಕೇಳಿ. ಹೆಪಟೈಟಿಸ್ ಬಿ ಮೂರು ಡೋಸು, ಬಹಳ ಜನ ಒಂದಕ್ಕೇ ನಿಲ್ಲಿಸಿರುತ್ತಾರೆ.

ಇಷ್ಟೆಲ್ಲಾ ನಡೆಯಬೇಕಾದರೆ ಠಾಣಾಧಿಕಾರಿ ಮೊದಲ ದಿನವೇ ಎಲ್ಲರ ಮುಂದೆ ಹೇಳಬೇಕಾದ ಮಾತೊಂದಿದೆ: "ಬಿಪಿ ಬಂತು ಅಂದ್ರೆ ಚಿಕಿತ್ಸೆ. ಶಿಕ್ಷೆ ಅಲ್ಲ, ಎತ್ತಂಗಡಿನೂ ಅಲ್ಲ." ಹೇಳಿದ ಮೇಲೆ ಹಾಗೇ ನಡೆದುಕೊಳ್ಳಬೇಕು.

ಹಂತ 3: ಬೆಂಕಿಯ ಸ್ಥಳದಲ್ಲಿ

ಕಬ್ಬಿನ ಗದ್ದೆ, ತೆಂಗಿನ ನಾರಿನ ಘಟಕ, ಗುಜರಿ ಗೋದಾಮು. ಇಂಥ ಬೆಂಕಿ ಗಂಟೆಗಟ್ಟಲೆ ನಡೆಯುತ್ತದೆ. ಹೋಗಿ ಇಳಿದ ತಕ್ಷಣ ವಿಶ್ರಾಂತಿಯ ಜಾಗ ಯಾವುದು ಅಂತ ನಿರ್ಧರಿಸಿ. ಗಾಳಿ ಬರುವ ದಿಕ್ಕಿನಲ್ಲಿರಬೇಕು, ನೆರಳಿರಬೇಕು. ವಾಟರ್ ಟೆಂಡರಿನ ಸೈಲೆನ್ಸರ್ ಹತ್ತಿರ ಬೇಡ. ವಾಹನಕ್ಕೆ ಒರಗಿ ಕೂತವರು ಬೆಂಕಿಯ ಹೊಗೆ ತಪ್ಪಿಸಿಕೊಂಡು ಡೀಸೆಲ್ ಹೊಗೆ ಕುಡಿಯುತ್ತಿರುತ್ತಾರೆ.

*ಸರದಿ.* ಒಂದು ಬಿ.ಎ. ಸಿಲಿಂಡರ್ ಖಾಲಿಯಾದರೆ, ಅಥವಾ 20 ನಿಮಿಷ ಜೋರು ಕೆಲಸ ಮಾಡಿದರೆ, ಕನಿಷ್ಠ 10 ನಿಮಿಷ ಬಿಡುವು. ಎರಡು ಸಿಲಿಂಡರ್ ಅಥವಾ 40 ನಿಮಿಷ ಆದರೆ ಕನಿಷ್ಠ 20 ನಿಮಿಷ ಪೂರ್ತಿ ವಿಶ್ರಾಂತಿ. ಇದನ್ನು ಬ್ರಾಂಚ್ (ಹೋಸಿನ ತುದಿಯ ನಳಿಕೆ) ಹಿಡಿದವರ ಮರ್ಜಿಗೆ ಬಿಡಬೇಡಿ. ಅವರು "ಇನ್ನೊಂದ್ ಐದು ನಿಮಿಷ ಸಾರ್" ಅಂತಲೇ ಹೇಳುತ್ತಾರೆ. ಗಡಿಯಾರ ನೋಡಿ ಕರೆಯುವ ಕೆಲಸ ಇನ್ನೊಬ್ಬರದು.

*ಮೈ ತಣಿಸುವುದು.* ಸೂಟಿನ ಜಿಪ್ಪು ಸ್ವಲ್ಪ ಇಳಿಸಿ ಕೂತರೆ ಸಾಲದು. ಹೆಲ್ಮೆಟ್, ಹುಡ್ (ತಲೆ, ಕುತ್ತಿಗೆ ಮುಚ್ಚುವ ಬಟ್ಟೆ), ಕೋಟು ತೆಗೆಯಬೇಕು, ಪ್ಯಾಂಟನ್ನು ಗಂಬೂಟಿನವರೆಗೆ ಇಳಿಸಬೇಕು. ಆಮೇಲೆ ಎರಡೂ ಕೈಯನ್ನು ಮೊಣಕೈವರೆಗೆ ಬಕೆಟ್ ನೀರಿನಲ್ಲಿ 15, 20 ನಿಮಿಷ ಮುಳುಗಿಸಿ ಕೂರಿಸಿ. ಮುಂಗೈಯಲ್ಲಿ ರಕ್ತನಾಳ ಚರ್ಮದ ಹತ್ತಿರವೇ ಇರುವುದರಿಂದ ಒಳಗಿನ ಕಾವು ಬೇಗ ಇಳಿಯುತ್ತದೆ. ಖರ್ಚಿಲ್ಲದ ಉಪಾಯ, ಆದರೆ ಮಾಡುವವರು ಕಡಿಮೆ.

*ಕುಡಿಯುವುದು.* ಬಾಯಾರಿಕೆ ಆಗಲಿ ಅಂತ ಕಾಯಬೇಡಿ. ಒಂದು ಒಆರ್‌ಎಸ್ ಪೊಟ್ಟಣಕ್ಕೆ ಒಂದು ಲೀಟರ್ ನೀರು, ದೊಡ್ಡ ಪೊಟ್ಟಣದ ಮೇಲೆ ಹಾಗೇ ಬರೆದಿರುತ್ತದೆ. ಪೂರ್ತಿ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಯುವುದನ್ನು ಸುಮಾರು ಕಡೆ ಮಾಡುತ್ತಾರೆ. ಹಾಗೆ ಕುಡಿದರೆ ಉಪ್ಪು ಅತಿಯಾಗಿ ವಾಂತಿ ಬರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಕೂಡ ಒಳ್ಳೆಯದು. ಗಂಟೆಗಟ್ಟಲೆ ಬೆವರಿದವರು ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದೂ ಅಪಾಯವೇ. ಊರಿನವರು ಪ್ರೀತಿಯಿಂದ ತಂದುಕೊಡುವ ಟೀ, ಕೂಲ್‌ಡ್ರಿಂಕ್ಸನ್ನು ಬೇಡ ಅನ್ನಬೇಕಾಗಿಲ್ಲ. ಆದರೆ ಅದನ್ನು ನೀರಿನ ಲೆಕ್ಕಕ್ಕೆ ಸೇರಿಸಬೇಡಿ.

*ವಾಪಸ್ ಕಳಿಸುವ ಮೊದಲು* ನಾಡಿ ನೋಡಿ. ಮಣಿಕಟ್ಟಿನಲ್ಲಿ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. 20 ನಿಮಿಷ ಕೂತ ಮೇಲೂ 100ಕ್ಕಿಂತ ಜಾಸ್ತಿ ಇದ್ದರೆ ಆ ವ್ಯಕ್ತಿಯನ್ನು ಮತ್ತೆ ಒಳಗೆ ಕಳಿಸಬಾರದು.

*ಅಪಾಯದ ಸೂಚನೆ 1: ಶಾಖಾಘಾತ.* ಸ್ನಾಯು ಸೆಳೆತ, ತಲೆನೋವು, ವಾಕರಿಕೆ ಶುರುವಾದಾಗಲೇ ನಿಲ್ಲಿಸಬೇಕು. ಮಾತು ತಡವರಿಸಿದರೆ, ಕೇಳಿದ್ದಕ್ಕೆ ಏನೋ ಉತ್ತರ ಕೊಟ್ಟರೆ, ತೂರಾಡಿದರೆ, ಬಿದ್ದರೆ ಅದು ಶಾಖಾಘಾತ ಅಂತಲೇ ತಿಳಿಯಿರಿ. "ಇನ್ನೂ ಬೆವರ್ತಾ ಇದಾನೆ, ಏನಾಗಲ್ಲ" ಅನ್ನುವ ನಂಬಿಕೆ ತಪ್ಪು. ದುಡಿಯುತ್ತಾ ಶಾಖಾಘಾತ ಆದವರು ಬೆವರುತ್ತಲೇ ಇರಬಹುದು. 108ಕ್ಕೆ ಕರೆ ಮಾಡಿಸಿ, ಬಟ್ಟೆ ಬಿಚ್ಚಿ, ನೆರಳಲ್ಲಿ ಮಲಗಿಸಿ, ನಿಲ್ಲಿಸದೆ ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ. ಸಾವಿರಾರು ಲೀಟರ್ ನೀರು ನಿಮ್ಮ ಪಕ್ಕದಲ್ಲೇ ನಿಂತಿದೆ, ಅಲ್ವಾ? ಆಂಬುಲೆನ್ಸ್ ಬರುವವರೆಗೂ ತಣಿಸುತ್ತಿರಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

*ಅಪಾಯದ ಸೂಚನೆ 2: ಹೊಗೆ.* ಬೆಂಕಿ ಆರಿದ ಮೇಲೆ ಕೆದಕಿ ನೀರು ಹಾಕುವಾಗಲೇ ಎಲ್ಲರೂ ಬಿ.ಎ. ಸೆಟ್ಟಿನ ಮಾಸ್ಕು ತೆಗೆಯುವುದು. ಕಣ್ಣಿಗೆ ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್, ಸಯನೈಡ್ ಅನಿಲ ಆಗಲೂ ಇರುತ್ತವೆ. ಒದ್ದೆ ಕರ್ಚೀಫು ಅನಿಲ ತಡೆಯುವುದಿಲ್ಲ. ಎನ್95 ಮಸಿ ಕಣವನ್ನಷ್ಟೇ ತಡೆಯುತ್ತದೆ. ಬಿ.ಎ. ಸೆಟ್ ಸಾಲದಿದ್ದರೆ ಒಳಗೆ ಹೋಗುವವರ ಸಂಖ್ಯೆ ಕಡಿಮೆ ಮಾಡಿ, ಉಳಿದವರು ಹೊರಗಿನಿಂದ, ಗಾಳಿಯ ದಿಕ್ಕಿನಿಂದ ನೀರು ಹಾಕಲಿ. ಗಡ್ಡ ಇದ್ದರೆ ಮಾಸ್ಕು ಮುಖಕ್ಕೆ ಸರಿಯಾಗಿ ಕೂರುವುದಿಲ್ಲ ಅನ್ನುವುದೂ ನೆನಪಿರಲಿ.

ಹೊಗೆ ಕುಡಿದವರಿಗೆ ತಲೆನೋವು, ವಾಕರಿಕೆ, ಮಂಪರು ಇದ್ದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ಇರುವ ರಕ್ತ ಅಂತಲೇ ಓದಿ 98, 99 ತೋರಿಸಬಹುದು. ಆಮ್ಲಜನಕ ಕೊಡಿಸಿ, ಆಸ್ಪತ್ರೆಗೆ ಕರೆದೊಯ್ದು "ಮುಚ್ಚಿದ ಜಾಗದಲ್ಲಿ ಹೊಗೆ ಕುಡಿದಿದ್ದಾರೆ" ಅಂತ ಮೊದಲೇ ಹೇಳಿ.

*ಅಪಾಯದ ಸೂಚನೆ 3: ಎದೆ.* ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು. "ಗ್ಯಾಸ್ಟ್ರಿಕ್ ಇರ್ಬೇಕು" ಅಂತ ಸೋಡಾ ಕುಡಿಸಿ ಕೂರಿಸುವುದರಲ್ಲೇ ಬೆಲೆಬಾಳುವ ಹೊತ್ತು ಹೋಗುತ್ತದೆ. ತಕ್ಷಣ ಇಸಿಜಿ ಆಗಬೇಕು. ಹೃದಯಾಘಾತಕ್ಕೆ ಹತ್ತಿರದ ಆಸ್ಪತ್ರೆಯಲ್ಲೇ ಇಸಿಜಿ, ತುರ್ತು ಚಿಕಿತ್ಸೆ ಕೊಡುವ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯಾ ಅಂತ ಇವತ್ತೇ ಹೋಗಿ ವಿಚಾರಿಸಿ, ವಾಚ್ ರೂಮಿನಲ್ಲಿ (ಕರೆ ಸ್ವೀಕರಿಸುವ ಕೋಣೆ) ಬರೆದು ಅಂಟಿಸಿ.

ಹಂತ 4: ವಾಹನ ಹತ್ತುವ ಮೊದಲು ತೊಳೆಯಿರಿ

ಇದೇ ಎಲ್ಲರೂ ಬಿಟ್ಟುಬಿಡುವ ಹಂತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ 2022ರಲ್ಲಿ ಅಗ್ನಿಶಾಮಕರು ಕೆಲಸದಲ್ಲಿ ಎದುರಿಸುವ ಅಪಾಯವನ್ನು ಕ್ಯಾನ್ಸರ್ ತರುವುದು ಖಚಿತವಿರುವ ಮೊದಲ ಗುಂಪಿಗೆ ಸೇರಿಸಿತು. ಶ್ವಾಸಕೋಶದ ಹೊದಿಕೆಗೆ ಬರುವ ಮೀಸೋಥೀಲಿಯೋಮ ಮತ್ತು ಮೂತ್ರಕೋಶದ ಕ್ಯಾನ್ಸರಿಗೆ ಸಾಕಷ್ಟು ಪುರಾವೆ ಇದೆ ಅಂತ ಹೇಳಿತು. ವಿಷ ಮೂಗಿನಿಂದ ಮಾತ್ರ ಹೋಗುವುದಿಲ್ಲ. ಸೂಟಿಗೆ ಅಂಟಿದ ಮಸಿ ಕುತ್ತಿಗೆ, ಕಂಕುಳು, ಮಣಿಕಟ್ಟಿನ ಚರ್ಮದಿಂದಲೂ ಒಳಗೆ ಇಳಿಯುತ್ತದೆ.

ಕ್ರಮ ಹೀಗಿರಲಿ. ಮಾಸ್ಕು ಹಾಕಿಕೊಂಡಿರುವಾಗಲೇ ಹೋಸ್ ರೀಲಿನ ಸಣ್ಣ ಧಾರೆಯಿಂದ ಹೆಲ್ಮೆಟ್‌ನಿಂದ ಗಂಬೂಟಿನವರೆಗೆ ಮೇಲಿನಿಂದ ಕೆಳಗೆ ನೆನೆಸಿ. ಸೋಪು ನೀರು ಹಚ್ಚಿ ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ಮತ್ತೆ ತೊಳೆಯಿರಿ. ಆಮೇಲೆ ಕೈಗವಸು ಹಾಕಿಕೊಂಡೇ ಸೂಟು ಬಿಚ್ಚಿ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ. ಒಬ್ಬರಿಗೆ ಎರಡು, ಮೂರು ನಿಮಿಷ ಸಾಕು. ಒಂದು ಅಧ್ಯಯನದಲ್ಲಿ ಹೀಗೆ ಸೋಪು ನೀರಿನಲ್ಲಿ ತೊಳೆದಾಗ ಕೋಟಿನ ಮೇಲಿನ ವಿಷಾಂಶ ಶೇ 85ರಷ್ಟು ಇಳಿಯಿತು. ಒಣ ಬ್ರಷ್ಷಿನಲ್ಲಿ ಕೊಡವಿದಾಗ ಇಳಿದದ್ದು ಶೇ 23 ಮಾತ್ರ. ಕುತ್ತಿಗೆಯನ್ನು ವೈಪ್ಸಿನಿಂದ ಒರೆಸಿದಾಗ ಅರ್ಧಕ್ಕಿಂತ ಜಾಸ್ತಿ ಹೋಯಿತು. ಆದ್ದರಿಂದ ಮುಖ, ಕಿವಿ ಹಿಂದೆ, ಕುತ್ತಿಗೆ, ಕೈ ಒರೆಸಿಕೊಂಡೇ ನೀರು, ಬಿಸ್ಕತ್ತು ಮುಟ್ಟಿ. ಮಸಿ ಕೈಯಲ್ಲಿ ತಿಂದ ಬನ್ನಿನ ಜೊತೆ ಆ ಮಸಿಯೂ ಹೊಟ್ಟೆಗೆ ಹೋಗುತ್ತದೆ.

ಒಂದು ಎಚ್ಚರಿಕೆ. ಒದ್ದೆ ಸೂಟಿನಲ್ಲಿ ಮತ್ತೊಂದು ಬೆಂಕಿಗೆ ಹೋದರೆ ಒಳಗಿನ ನೀರು ಆವಿಯಾಗಿ ಮೈ ಸುಡಬಹುದು. ಇನ್ನೊಂದು ಕರೆ ಬರುವ ಸಾಧ್ಯತೆ ಇದ್ದು, ಬದಲಿ ಸೂಟು ಇಲ್ಲದಿದ್ದರೆ ಹೊರಮೈಯನ್ನು ಸೋಪು ಬಟ್ಟೆಯಿಂದ ಒರೆಸಿ, ಹಿಂಡಿದ ಬಟ್ಟೆಯಿಂದ ಮತ್ತೆ ಒರೆಸಿ. ತಲೆಗೊಂದೇ ಸೂಟು ಇರುವ ಠಾಣೆಗಳಿಗೆ ಇದು ದಿನನಿತ್ಯದ ಕಷ್ಟ. ಎರಡನೇ ಸೂಟು, ಅದಾಗದಿದ್ದರೆ ಕನಿಷ್ಠ ಎರಡನೇ ಹುಡ್ ಮತ್ತು ಕೈಗವಸು ಬೇಕು ಅಂತ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗಳಿಗೆ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಬೇಡಿಕೆ ಕಡತಕ್ಕೆ ಬರುವುದಿಲ್ಲ.

ಹಂತ 5: ಠಾಣೆಗೆ ಬಂದ ಮೇಲೆ

ಒಂದು ಗಂಟೆಯೊಳಗೆ ಎಲ್ಲರ ಸ್ನಾನ ಆಗಬೇಕು, ತಲೆಗೂ ಸೋಪು ಹಾಕಿ. ಸೂಟು ಮಲಗುವ ಕೋಣೆ, ಅಡುಗೆ ಕೋಣೆಗೆ ಬರಬಾರದು. ಗ್ಯಾರೇಜಿನ ಒಂದು ಮೂಲೆಯಲ್ಲಿ, ನೆರಳಲ್ಲಿ, ಗಾಳಿಯಾಡುವಂತೆ ನೇತುಹಾಕಿ. ಬಿಸಿಲಿಗೆ ಹಾಕಿದರೆ ಬಟ್ಟೆಯ ಶಕ್ತಿ ಹೋಗುತ್ತದೆ. ಬ್ಲೀಚಿಂಗ್ ಕೂಡ ಬೇಡ. ವಾಹನದ ಸೀಟು, ಸ್ಟೀರಿಂಗ್, ಬಾಗಿಲಿನ ಹಿಡಿ ಒರೆಸಿ.

ಮಸಿ ಬಟ್ಟೆಯನ್ನು ಮನೆಗೆ ಒಯ್ದು ಮಕ್ಕಳ ಬಟ್ಟೆಯ ಜೊತೆ ನೆನೆಹಾಕುವುದನ್ನು ಇವತ್ತೇ ನಿಲ್ಲಿಸಿ. ಒಳಗೆ ಹಾಕಿದ್ದ ಬನಿಯನ್ನನ್ನೂ ಠಾಣೆಯಲ್ಲೇ ಒಗೆಯಿರಿ.

ನೆರೆ ನೀರು, ಕೆರೆ, ಬಾವಿ ಕರೆಯಿಂದ ಬಂದವರು ಕಾಲು ಕೈಯಲ್ಲಿ ಗಾಯ ಇದೆಯಾ ನೋಡಿಕೊಳ್ಳಬೇಕು. ಒಂದೆರಡು ವಾರದಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾದರೆ ಇಲಿ ಜ್ವರ ಇರಬಹುದು. ವೈದ್ಯರಿಗೆ "ನೆರೆ ನೀರಲ್ಲಿ ಇಳಿದಿದ್ದೆ" ಅಂತ ಹೇಳದಿದ್ದರೆ ಅವರು ಆ ಕಡೆ ಯೋಚಿಸದಿರಬಹುದು.

ಹಂತ 6: ನಿದ್ದೆ, ಊಟ, ವ್ಯಾಯಾಮ

ಇವು ಎಲ್ಲರಿಗೂ ಗೊತ್ತಿರುವ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿ ಕರೆಗೆ ಹೋಗಿ ಬಂದವರಲ್ಲಿ ಮೊದಲು ಮಲಗಬೇಕಾದವರು ಚಾಲಕರು. ವಾಹನ ಒರೆಸಿ ಡೀಸೆಲ್ ನೋಡುವುದನ್ನು ಬೇರೆಯವರು ಮಾಡಲಿ. ಮಧ್ಯಾಹ್ನ 20, 30 ನಿಮಿಷದ ಚಿಕ್ಕ ನಿದ್ದೆ ಸೋಮಾರಿತನವಲ್ಲ. ರಾತ್ರಿ ಎರಡು ಗಂಟೆಗೆ ಬೋಂಡ, ಪರೋಟ ತಿಂದು ಮಲಗುವ ಬದಲು ಮೊಸರನ್ನ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಸಾಕು. ವ್ಯಾಯಾಮ ದಿನಾ ಅರ್ಧ ಗಂಟೆ: ಜೋರು ನಡಿಗೆ, ಬಸ್ಕಿ, ಹೋಸ್ ಹೊತ್ತು ಮೆಟ್ಟಿಲು ಹತ್ತುವುದು. ಕರೆ ಬಂದಾಗ ಸುಸ್ತಾಗಿರುವಷ್ಟು ಮಾತ್ರ ಬೇಡ. ಬೆನ್ನುನೋವು ಇರುವವರು ಏಣಿ, ಪಂಪು ಎತ್ತುವಾಗ ಮೊಣಕಾಲು ಮಡಚಿ ಎತ್ತುವುದನ್ನು ಡ್ರಿಲ್‌ನಲ್ಲೇ ಅಭ್ಯಾಸ ಮಾಡಲಿ.

ಹಂತ 7: ಮನಸ್ಸು ಕಲಕುವ ಕರೆ, ಮೊದಲ ಮೂರು ದಿನ

ಬಾವಿಯಿಂದ ಮಗುವನ್ನು ಮೇಲಕ್ಕೆತ್ತಿದ ಕರೆ. ಜೊತೆಗಾರರಿಗೇ ಪೆಟ್ಟಾದ ಕರೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದಾಗ ಆದಂತೆ, ಅವಶೇಷದ ಒಳಗಿಂದ ದನಿ ಕೇಳುತ್ತಾ ದಿನಗಟ್ಟಲೆ ದುಡಿಯುವ ಕರೆ. ಸಣ್ಣ ಊರಿನಲ್ಲಿ ಇನ್ನೊಂದು ಕಷ್ಟವಿದೆ: ಸತ್ತವರು ಪರಿಚಯದವರೇ ಆಗಿರುತ್ತಾರೆ, ನಾಳೆ ಸಂತೆಯಲ್ಲಿ ಅವರ ಮನೆಯವರು ಎದುರಾಗುತ್ತಾರೆ.

ಮೊದಲು ಸ್ನಾನ, ಬಿಸಿ ಊಟ, ಮನೆಗೊಂದು ಫೋನು. ಆಮೇಲೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ. ಏನಾಯಿತು, ಗಾಯಾಳುಗಳು ಎಲ್ಲಿದ್ದಾರೆ, ನಾಳೆ ಯಾರ ಪಾಳಿ. ಅಷ್ಟೇ.

ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪೊಂದಿದೆ. ಎಲ್ಲರನ್ನೂ ಸುತ್ತ ಕೂರಿಸಿ "ನಿಮಗೆ ಹೇಗನ್ನಿಸ್ತು, ಒಬ್ಬೊಬ್ಬರಾಗಿ ಹೇಳಿ" ಅಂತ ಒತ್ತಾಯಿಸುವುದು. ಇಂಥ ಒಂದೇ ಸಲದ ಡೀಬ್ರೀಫಿಂಗ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಸಲಹೆ ಕೊಟ್ಟಿದೆ. ಮುಂದೆ ಬರುವ ಮಾನಸಿಕ ತೊಂದರೆಯನ್ನು ಅದು ತಡೆಯುವುದಿಲ್ಲ. ಮಾತಾಡಬೇಕು ಅನ್ನಿಸಿದವರಿಗೆ ಕಿವಿ ಸಿಗಬೇಕು, ಬೇಡ ಅನ್ನಿಸಿದವರನ್ನು ಬಿಡಬೇಕು.

ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರರನ್ನು ಗೊತ್ತು ಮಾಡಿ. ಮೂರು ದಿನ ದಿನಾ ವಿಚಾರಿಸುವುದು ಅವರ ಕೆಲಸ. ದೊಡ್ಡ ಮಾತು ಬೇಡ. "ಊಟ ಆಯ್ತಾ? ನಿದ್ದೆ ಬಂತಾ?" ಇಷ್ಟು ಕೇಳಿದರೆ ಸಾಕು. "ನಾನೂ ಅಲ್ಲೇ ಇದ್ದೆ. ಯಾವಾಗ ಬೇಕಾದ್ರೂ ಫೋನ್ ಮಾಡು" ಅಂದರೆ ಇನ್ನೂ ಒಳ್ಳೆಯದು. ಹೇಳಬಾರದ ಮಾತುಗಳೂ ಇವೆ: "ಗಂಡಸಾಗಿ ಅಳ್ತೀಯಾ", "ಇದೆಲ್ಲಾ ಮಾಮೂಲು, ಅಭ್ಯಾಸ ಆಗುತ್ತೆ ಬಿಡು", "ಇನ್ನೆರಡು ನಿಮಿಷ ಮೊದಲು ಹೋಗಿದ್ರೆ". ಕೊನೆಯದಂತೂ ವರ್ಷಗಟ್ಟಲೆ ಕೊರೆಯುವ ಮಾತು.

ಮಾತಿಗಿಂತ ಕೈಗಳನ್ನು ಗಮನಿಸಿ. ಶವ ಎತ್ತಿ ಬಂದ ಹುಡುಗ ನಲ್ಲಿಯ ಹತ್ತಿರ ನಿಂತು ಅದೇ ಕೈಯನ್ನು ಮತ್ತೆ ಮತ್ತೆ ತೊಳೆಯುತ್ತಿರುತ್ತಾನೆ. ಸುತ್ತಿಟ್ಟ ಹೋಸನ್ನೇ ಬಿಚ್ಚಿ ಮತ್ತೆ ಸುತ್ತುತ್ತಾನೆ. ಅವನನ್ನು ತಮಾಷೆ ಮಾಡದೆ, ಗದರದೆ, ಹೋಸಿನ ಇನ್ನೊಂದು ತುದಿ ಹಿಡಿದು ಜೊತೆಗೆ ಸುತ್ತಿ. ಮಾತು ಬಂದರೆ ಅಲ್ಲಿ ಬರುತ್ತದೆ.

ನಿದ್ದೆಗೆ ಅಂತ ಒಂದು ಪೆಗ್ ಕುಡಿಸುವುದು ಬೇಡವೇ ಬೇಡ. ಕುಡಿದು ಬಂದ ನಿದ್ದೆ ನಡುರಾತ್ರಿ ಮುರಿಯುತ್ತದೆ, ಚಟ ಮಾತ್ರ ಉಳಿಯುತ್ತದೆ. ಘಟನೆಯ ಫೋಟೋ, ವಿಡಿಯೋ ಗ್ರೂಪಿನಲ್ಲಿ ಹರಿದಾಡದಂತೆ ನೋಡಿಕೊಳ್ಳಿ. ಶವ ಎತ್ತಿದವರನ್ನೇ ಮುಂದಿನ ಸಲವೂ "ಅವನಿಗೆ ಧೈರ್ಯ ಜಾಸ್ತಿ" ಅಂತ ಮುಂದೆ ತಳ್ಳಬೇಡಿ. ಸರದಿ ಇಲ್ಲೂ ಬೇಕು. ಹೋಂ ಗಾರ್ಡ್ ಯಾರಾದರೂ ಜೊತೆಗಿದ್ದರೆ ಅವರನ್ನು ಮರೆಯಬೇಡಿ. ಕರೆ ಮುಗಿದ ಮೇಲೆ ಅವರನ್ನು ವಿಚಾರಿಸುವವರೇ ಇರುವುದಿಲ್ಲ.

ಹಂತ 8: ಯಾವಾಗ ಆಸ್ಪತ್ರೆಗೆ ಕಳಿಸಬೇಕು

ಮೊದಲ ಕೆಲವು ದಿನ ಕನಸು ಬೀಳುವುದು, ಬೆಚ್ಚುವುದು, ಊಟ ಸೇರದಿರುವುದು ಸಹಜ. ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಒಂದು ತಿಂಗಳಾದರೂ ಇಳಿಯದಿದ್ದರೆ, ಅಥವಾ ಮೊದಲೇ ಕೆಲಸ, ಮನೆ ಎರಡೂ ಹಾಳಾಗುವಷ್ಟು ಆದರೆ, ಕಾಯಬೇಡಿ.

ಠಾಣೆಯಲ್ಲಿ ಕಾಣುವ ಲಕ್ಷಣಗಳು ಪುಸ್ತಕದ ಲಕ್ಷಣಗಳ ಹಾಗೆ ಇರುವುದಿಲ್ಲ. ಯಾವಾಗಲೂ ನಗಿಸುತ್ತಿದ್ದವರು ಮೂಲೆ ಹಿಡಿಯುತ್ತಾರೆ. ಒಂದು ರಸ್ತೆಯಲ್ಲಿ ಹೋಗುವುದನ್ನೇ ತಪ್ಪಿಸುತ್ತಾರೆ. ಸಣ್ಣದಕ್ಕೂ ಸಿಡುಕುತ್ತಾರೆ. ಪದೇ ಪದೇ ಕ್ಯಾಶುಯಲ್ ರಜೆ ಕೇಳುತ್ತಾರೆ. ಬೆಂಕಿಗೆ ಬೇಕಂತಲೇ ರಕ್ಷಣೆ ಇಲ್ಲದೆ ನುಗ್ಗುತ್ತಾರೆ. ಇದಕ್ಕೆ ಯಾವುದೋ ಒಂದು ದೊಡ್ಡ ಘಟನೆಯೇ ಕಾರಣ ಆಗಿರಬೇಕಾಗಿಲ್ಲ. ವರ್ಷಗಳ ಸಣ್ಣ ಸಣ್ಣ ಕರೆಗಳು ಕೂಡಿ ಬಂದಿರುತ್ತವೆ.

ಮೊದಲ ಹೆಜ್ಜೆಗೆ ಟೆಲಿ ಮಾನಸ್: 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ ಇದು. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಠಾಣೆಗೆ ತಿಳಿಸಬೇಕಾಗಿಯೂ ಇಲ್ಲ. ಮುಖಾಮುಖಿ ಬೇಕಾದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್. ಸುಮ್ನೆ "ಹೋಗಿ ತೋರಿಸ್ಕೋ" ಅಂದರೆ ಹೋಗುವುದಿಲ್ಲ. ಮೊದಲ ಸಲ ಜೊತೆಗೆ ಹೋಗಿ, ಹೊರಗೆ ಬೆಂಚಿನ ಮೇಲೆ ಕಾಯಿರಿ.

"ನಾನಿದ್ದೂ ಏನು ಪ್ರಯೋಜನ" ಅನ್ನುವ ಮಾತು, ಸಾಲ ತೀರಿಸಿ ವಸ್ತು ಹಂಚುವುದು, ಇದ್ದಕ್ಕಿದ್ದಂತೆ ಶಾಂತವಾಗುವುದು ಕಂಡರೆ ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರೇ ಇರಲು ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಮನೆಯವರಿಗೆ ತಿಳಿಸಿ.

ಚಿಕಿತ್ಸೆ ಪಡೆದು ವಾಪಸ್ ಬಂದವರನ್ನು ಮೊದಲ ಕೆಲವು ವಾರ ವಾಚ್ ರೂಮು, ಪಂಪಿನ ಕೆಲಸಕ್ಕೆ ಹಾಕಿ, ವೈದ್ಯರು ಹೇಳಿದಂತೆ ನಿಧಾನಕ್ಕೆ ಪೂರ್ತಿ ಕೆಲಸಕ್ಕೆ ತನ್ನಿ. ಕಾಯಂ ಆಗಿ ಫೋನಿನ ಮುಂದೆ ಕೂರಿಸಿಬಿಟ್ಟರೆ ಮುಂದೆ ಯಾರೂ ಸಹಾಯ ಕೇಳುವುದಿಲ್ಲ.

ಹಂತ 9: ಮನೆಯವರನ್ನು ಸೇರಿಸಿಕೊಳ್ಳಿ

ಬದಲಾವಣೆ ಮೊದಲು ಕಾಣುವುದು ಹೆಂಡತಿಗೆ, ಗಂಡನಿಗೆ ಅಥವಾ ತಾಯಿಗೆ. ಆಯುಧ ಪೂಜೆಗೆ ಮನೆಯವರು ಠಾಣೆಗೆ ಬಂದಾಗ ಅರ್ಧ ಗಂಟೆ ತೆಗೆದುಕೊಂಡು ಮೂರು ವಿಷಯ ಹೇಳಿ: ಮಸಿ ಬಟ್ಟೆ ಮನೆಗೆ ತರಿಸಬೇಡಿ, ಗಟ್ಟಿ ಗೊರಕೆ ಅಥವಾ ನಿದ್ದೆಯಲ್ಲಿ ಉಸಿರು ಕಟ್ಟುವುದು ಕಂಡರೆ ವೈದ್ಯರಿಗೆ ಹೇಳಿ, ಕಳವಳ ಆದರೆ ಪಾಳಿಯ ಈ ಅಣ್ಣನಿಗೆ ಫೋನ್ ಮಾಡಿ. ಕರೆಯ ವಿವರ ಕೆದಕಿ ಕೇಳಬಾರದು ಅನ್ನುವುದನ್ನೂ ಹೇಳಿ. ಜೊತೆಗೆ ಕೂತು ಊಟ ಮಾಡಿದರೆ ಸಾಕಾಗುವ ದಿನಗಳೂ ಇರುತ್ತವೆ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ

ಮೊದಲ ತಿಂಗಳು ಬಕೆಟ್ಟು, ಒಆರ್‌ಎಸ್, ಸೋಪು, ಬ್ರಷ್ಷು ಮಾತ್ರ. ಅದು ರೂಢಿಯಾಗಲಿ. ಎರಡನೇ ತಿಂಗಳು ಬಿಪಿ, ಶುಗರ್. ಮನಸ್ಸಿನ ವಿಷಯಕ್ಕೆ ಮೂರನೇ ತಿಂಗಳು ಬನ್ನಿ. ಅಷ್ಟರಲ್ಲಿ ತಮ್ಮ ಬಗ್ಗೆ ಠಾಣೆಗೆ ಕಾಳಜಿ ಇದೆ ಅನ್ನುವ ನಂಬಿಕೆ ಬಂದಿರುತ್ತದೆ, ಮಾತು ಸುಲಭವಾಗುತ್ತದೆ. ಅದಕ್ಕೂ ಮೊದಲೇ ಕಷ್ಟದ ಕರೆ ಬಂದರೆ ಮಾತ್ರ 7ನೇ ಹಂತಕ್ಕೆ ನೇರವಾಗಿ ಹೋಗಿ.

ಚೆನ್ನಾಗಿ ನಡೆಯುತ್ತಿದ್ದ ಕಡೆಯೂ ಠಾಣಾಧಿಕಾರಿಗೆ ವರ್ಗಾವಣೆ ಆದ ಮೇಲೆ ಇದೆಲ್ಲ ನಿಂತುಹೋಗುವುದುಂಟು. ಚಾರ್ಜು ಕೊಡುವಾಗ ಪಂಪು, ಹೋಸು, ಏಣಿ, ಸಿಲಿಂಡರುಗಳ ಲೆಕ್ಕ ಕೊಡುತ್ತೀರಲ್ಲ, ಅದೇ ಪಟ್ಟಿಯಲ್ಲಿ ಇದನ್ನೂ ಬರೆಯಿರಿ: ಕ್ರೇಟಿನಲ್ಲಿ ಏನೇನಿದೆ, ಪಾಳಿಯ ಜವಾಬ್ದಾರರು ಯಾರು, ಎರಡನೇ ಸೂಟಿಗೆ ಬರೆದ ಪತ್ರದ ಸಂಖ್ಯೆ ಯಾವುದು, ಮುಂದಿನ ತಪಾಸಣೆ ಯಾವ ತಿಂಗಳು.